ನೀರಸ ಎಂದರೆ ಬೇಜಾರಲ್ಲ

ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಸೇರಿದ ಕೆಲವು ವೈದ್ಯರು ಈಚೆಗೆ ನನ್ನನ್ನು ನೋಡಲು ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಳು ಕೇಳಿದಳು, "ಮೇಡಂ, ಇಷ್ಟು ವರ್ಷ ಈ ಕಡೆ ಕೆಲಸ ಮಾಡಿದೀರಲ್ಲ, ನಿಮಗೆ ಅತಿ ಕಷ್ಟ ಕೊಟ್ಟ ಕಾಯಿಲೆ ಯಾವುದು?" ಹಾವಿನ ಕಡಿತ, ಹೃದಯಾಘಾತ, ಹೆರಿಗೆಯ ರಕ್ತಸ್ರಾವ ಎಂದು ಉತ್ತರಗಳನ್ನೂ ಅವರೇ ಸಿದ್ಧಮಾಡಿಕೊಂಡಿದ್ದರು. ನಾನು "ಸುಸ್ತು" ಎಂದೆ. ಮುದುಕಿ ತನ್ನ ವಿಷಯ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಒಬ್ಬ ಯುವ ವೈದ್ಯ ಎದ್ದು ಬಂದು ನನ್ನ ಕೈಯಿಂದ ಕಾಫಿ ಲೋಟ ಇಸಿದುಕೊಂಡ. ಇನ್ನೊಬ್ಬ ಫ್ಯಾನ್ ಹಾಕಿದ.

ಆ ದಿನ ವಿವರಿಸಲು ಆಗಲಿಲ್ಲ. ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ನಾನು ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂಬುದನ್ನು ಬೆರೆಸದೆ ಬರೆಯಬೇಕು ಎಂದುಕೊಂಡಿದ್ದೇನೆ. ಈ ಕಾಯಿಲೆಯ ವಿಷಯದಲ್ಲಿ ಅವೆರಡನ್ನೂ ಬೆರೆಸಿದ್ದರಿಂದಲೇ ಬಹಳ ಜನಕ್ಕೆ ತೊಂದರೆಯಾಗಿದೆ.

ನಾನು ಹುಟ್ಟಿದ್ದು ಹೊಳವನಹಳ್ಳಿ. ಕೆಲಸ ಮಾಡಿದ್ದು ಕೊರಟಗೆರೆ, ಶಿರಾ, ಪಾವಗಡ, ಮಧುಗಿರಿ ತಾಲ್ಲೂಕುಗಳಲ್ಲಿ. ಯಾವಾಗ ಯಾವ ಹುದ್ದೆಯಲ್ಲಿದ್ದೆ ಎಂಬುದರಿಂದ ನಿಮಗೇನೂ ಉಪಯೋಗವಿಲ್ಲ. ಈ ನಾಲ್ಕು ತಾಲ್ಲೂಕುಗಳ ಜನ ಸುಸ್ತನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು ಉಪಯೋಗಕ್ಕೆ ಬರುತ್ತದೆ.

ನಮ್ಮ ಕೊರಟಗೆರೆ ಕಡೆಯವರು, "ಮೈಗೆ ಜೀವಾನೇ ಇಲ್ಲ ಕಣಮ್ಮ" ಎನ್ನುತ್ತಾರೆ. ಮೊದಲ ಸಲ ಕೇಳಿದವರು ಗಾಬರಿಯಾಗಿ ನಾಡಿ ಹಿಡಿಯುತ್ತಾರೆ. ಶಿರಾದಲ್ಲಿ "ಕಮ್ಜೋರಿ ಆಗೋಗೈತೆ ಡಾಕ್ಟ್ರಮ್ಮ" ಎನ್ನುತ್ತಾರೆ. ಮಧುಗಿರಿಯ ಕಚೇರಿ ನೌಕರರು ಮಾತ್ರ ದನಿ ತಗ್ಗಿಸಿ, "ವೀಕ್ನೆಸ್ಸು ಮೇಡಂ" ಎನ್ನುತ್ತಾರೆ. ಯಾವ ವೀಕ್ನೆಸ್ಸು ಎಂದು ಮತ್ತೊಮ್ಮೆ ಕೇಳಬೇಕು. ಕೇಳಿದ ಕೂಡಲೇ ಹೆಂಡತಿಯನ್ನು ಹೊರಗೆ ಕಳಿಸಿದರೆ ಅದು ಬೇರೆ ವಿಭಾಗದ ಕೇಸು.

ಆಗ ನಮ್ಮ ಬಳಿ ಇದ್ದ ಚಿಕಿತ್ಸೆ ಒಂದೇ, ಬಾಟ್ಲು. ಸುಸ್ತು ಎಂದವರಿಗೆಲ್ಲ ಗ್ಲೂಕೋಸ್ ಹತ್ತಿಸುತ್ತಿದ್ದೆವು. ಅದರಲ್ಲೂ ಜಾತಿಗಳಿದ್ದವು. ಬರೀ ಗ್ಲೂಕೋಸ್ ಆದರೆ ಬಿಳಿ ಬಾಟ್ಲು. ವಿಟಮಿನ್ ಔಷಧಿ ಸೇರಿಸಿದರೆ ಹಳದಿ ಬಾಟ್ಲು. ಕೊರಟಗೆರೆಯಲ್ಲಿ ಒಬ್ಬ ಯಜಮಾನರು ಸೂಜಿ ಚುಚ್ಚಿಸಿಕೊಂಡು ಮಲಗಿದ್ದವರು ಪಕ್ಕದ ಮಂಚ ನೋಡಿ ಎದ್ದು ಕುಳಿತರು.

"ಏನಮ್ಮಾ, ಅವನಿಗೆ ಹಳದಿ ಹಾಕಿದೀಯ, ನನಗೆ ನೀರು ಹಾಕಿದೀಯ?"

"ಯಜಮಾನ್ರೇ, ನಿಮಗೆ ಅದು ಬೇಕಾಗಿಲ್ಲ."

"ಬೇಕೋ ಬ್ಯಾಡ್ವೋ ನನ್ನ ಮೈಗೆ ಗೊತ್ತು. ನಮ್ಮಿಬ್ರದೂ ಹೊಲ ಅಕ್ಕಪಕ್ಕ. ನಾಳಿಕ್ಕೆ ಅವನು ಊರ್ ತುಂಬ ಹೇಳ್ಕಂಡ್ ಬತ್ತಾನೆ."

ಹಳದಿ ಹಾಕಿದೆ. ಇಬ್ಬರೂ ಒಟ್ಟಿಗೇ ಎದ್ದು ಹೋದರು. ಬಾಟ್ಲಿನಿಂದ ಯಾರ ಸುಸ್ತು ಹೋಯಿತು, ಯಾರದು ತಾನಾಗಿ ಹೋಯಿತು ಎಂದು ನಮಗೆ ಗೊತ್ತಿರಲಿಲ್ಲ. ಸುಸ್ತು ಹೋಗದವರು ಮತ್ತೆ ನಮ್ಮ ಬಳಿ ಬರುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಹೋಗಿದೆ ಎಂದೇ ನಂಬಿದ್ದೆವು.

ಪಾವಗಡಕ್ಕೆ ವರ್ಗವಾದ ಹೊಸತರಲ್ಲಿ ನಡೆದದ್ದು ಇನ್ನೊಂದು ಥರ. ಅಲ್ಲಿನವರ ಕನ್ನಡದೊಳಗೆ ಅರ್ಧ ತೆಲುಗು ಇರುತ್ತದೆ. ಜ್ವರ ಬಿಟ್ಟು ಬಹಳ ದಿನವಾಗಿದ್ದ ಒಬ್ಬ ಅಜ್ಜಿ ಬಂದು, "ಶಾನೆ ನೀರಸಂ ತಾಯಿ" ಎಂದರು. ನೀರಸ ಎಂದರೆ ನನಗೆ ಗೊತ್ತಿದ್ದ ಕನ್ನಡದಲ್ಲಿ ರಸವಿಲ್ಲದ್ದು, ಬೇಜಾರು ತರುವಂಥದ್ದು. ಒಂಟಿ ಮುದುಕಿ, ಹೊತ್ತು ಹೋಗುತ್ತಿಲ್ಲ ಪಾಪ ಎಂದುಕೊಂಡು, "ಅಜ್ಜಿ, ಸಾಯಂಕಾಲ ಭಜನೆಗೆ ಹೋಗಿ" ಎಂದು ಸಲಹೆ ಕೊಟ್ಟೆ. ಮುಂದಿನ ವಾರ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಬಂದರು.

"ನೀ ಹೇಳ್ದಂಗೆ ಭಜನೆಗೆ ಹೋದೆ ತಾಯಿ. ತಾಳ ಹಾಕ್ದೆ. ಅವತ್ತು ಸೆಂದಾಗೇ ಇದ್ದೆ. ಆಮ್ಯಾಕೆ ಏಳಾಕೇ ಆಗ್ಲಿಲ್ಲ. ಔಸ್ದಿ ಏನೋ ಒಳ್ಳೇದೇ, ನನಗೆ ತಾಳ್ಲಿಲ್ಲ ಅಷ್ಟೇ."

ತೆಲುಗಿನಲ್ಲಿ ನೀರಸಂ ಎಂದರೆ ಮೈಯಲ್ಲಿ ಶಕ್ತಿಯಿಲ್ಲದಿರುವುದು ಎಂದು ನನಗೆ ನರ್ಸ್ ಹೇಳಿಕೊಟ್ಟಳು, ನಕ್ಕು ಮುಗಿಸಿದ ಮೇಲೆ. ಅಜ್ಜಿಯ ಮಾತಿನಲ್ಲಿ ಇನ್ನೊಂದು ಮುಖ್ಯ ವಿಷಯವಿತ್ತು. ಅವತ್ತು ಚೆನ್ನಾಗಿದ್ದೆ, ಆಮೇಲೆ ಏಳಲಾಗಲಿಲ್ಲ. ಅದು ಆಗ ನಮ್ಮ ಯಾರ ಕಿವಿಗೂ ಬೀಳಲಿಲ್ಲ.

ಅದು ಕಿವಿಗೆ ಬಿದ್ದದ್ದು ನನ್ನ ಸೇವೆಯ ಕೊನೆಯ ಭಾಗದಲ್ಲಿ, ಕೊರೊನಾ ಬಂದುಹೋದ ಮೇಲೆ. ಜ್ವರ ವಾಸಿಯಾಗಿ, ಪರೀಕ್ಷೆಗಳೆಲ್ಲ ಸರಿಯಾಗಿ ಬಂದು, ಆದರೂ ಮೇಲೇಳಲಾಗದವರು ನಮ್ಮ ಹೊರರೋಗಿ ವಿಭಾಗದಲ್ಲಿ ಸಾಲುಗಟ್ಟಿದರು. ಆಗ ನನ್ನ ಜೊತೆಗಿದ್ದವಳು ಡಾ. ಶಬಾನಾ, ಶಿರಾದ ಹುಡುಗಿ, ಆಗಷ್ಟೇ ಎಂ.ಡಿ. ಮುಗಿಸಿ ಬಂದವಳು. ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ವೈದ್ಯಕೀಯ ಲೇಖನಗಳನ್ನು ಓದಿ ಹೇಳುತ್ತಿದ್ದಳು. ವೈರಸ್ ಜ್ವರದ ನಂತರ ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗಾಗುತ್ತದೆ, ಇದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಬಹುಕಾಲದ ಸುಸ್ತಿನ ಕಾಯಿಲೆ, ಎಂಬುದು ಒಂದು ಹೆಸರು, ಮಯಾಲ್ಜಿಕ್ ಎನ್ಸೆಫಲೋಮೈಲಿಟಿಸ್ ಎಂಬುದು ಇನ್ನೊಂದು ಹೆಸರು, ಯಾವುದು ಸರಿ ಎಂಬುದರ ಬಗ್ಗೆಯೇ ಜಗಳವಿದೆ ಎಂದಳು. ದೊಡ್ಡ ದೊಡ್ಡ ದೇಶಗಳ ವೈದ್ಯರೂ ಎರಡು ಪಂಗಡವಾಗಿದ್ದಾರೆ, ದಿನದಿನಕ್ಕೆ ವ್ಯಾಯಾಮ ಹೆಚ್ಚಿಸಿದರೆ ವಾಸಿಯಾಗುತ್ತದೆ ಎಂದು ಒಂದು ಪಂಗಡ ಬಹುಕಾಲ ಹೇಳಿತು, ಅದರಿಂದ ಕೆಡುಕೇ ಆಗುತ್ತದೆಂದು ಇನ್ನೊಂದು ಪಂಗಡ ಹೇಳಿತು, ಈಗ ಎಷ್ಟೋ ಕಡೆ ಆ ವ್ಯಾಯಾಮದ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ ಎಂದೂ ಹೇಳಿದಳು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಸುಸ್ತು ಎಂದು ಬಂದವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ. ರಕ್ತಹೀನತೆ, ಕ್ಷಯ, ಥೈರಾಯ್ಡ್, ಸಕ್ಕರೆ, ಮನಸ್ಸಿನ ಕುಗ್ಗುವಿಕೆ ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಮೊದಲು ಅವನ್ನು ಹುಡುಕಿ. ಎಲ್ಲ ಹುಡುಕಿಯೂ ಏನೂ ಸಿಗದಿದ್ದಾಗ ಏನು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಅಂಜಿನಪ್ಪ ಬಂದದ್ದು ಆ ಪ್ರಶ್ನೆಯನ್ನು ಹೊತ್ತುಕೊಂಡು.

ಅಂಜಿನಪ್ಪ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲುವಿನವನು, ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್. ಜ್ವರದ ನಂತರ ದೀರ್ಘ ರಜೆಯಲ್ಲಿದ್ದ. ಅಂಥ ನೌಕರರನ್ನು ಮೂವರು ವೈದ್ಯರ ಮಂಡಳಿ ಪರೀಕ್ಷಿಸಿ ಕೆಲಸಕ್ಕೆ ಯೋಗ್ಯನೋ ಅಲ್ಲವೋ ಎಂದು ಬರೆದುಕೊಡಬೇಕು. ಮಂಡಳಿ ಯಾವ ಊರಿನಲ್ಲಿ ಸೇರಿತ್ತು ಎಂದು ಬರೆಯುವುದಿಲ್ಲ, ಅಲ್ಲಿನವರು ಇನ್ನೂ ಸೇವೆಯಲ್ಲಿದ್ದಾರೆ. ನಾನು, ಶಬಾನಾ, ಮತ್ತು ನಮ್ಮ ಅಧ್ಯಕ್ಷರಾದ ಡಾ. ರುದ್ರಯ್ಯನವರು. ಅವರು ತಿಪಟೂರು ಕಡೆಯ ಶಸ್ತ್ರವೈದ್ಯರು, ಬಹಳ ಒಳ್ಳೆಯ ಕೈ. ಹೊಟ್ಟೆ ಬಿಚ್ಚಿದರೆ ಕಾಣುವುದು ಕಾಯಿಲೆ, ಕಾಣದ್ದು ನಾಟಕ, ಇದಿಷ್ಟೇ ಅವರ ವೈದ್ಯಶಾಸ್ತ್ರ.

ಅಂಜಿನಪ್ಪನ ಜೊತೆ ಅವನ ಹೆಂಡತಿ ತಿಪ್ಪಮ್ಮ ಬಂದಿದ್ದಳು. ಅವನ ಮೇಲಧಿಕಾರಿ ಮುಂಚೆಯೇ ಎರಡು ಸಾಲು ಬರೆದು ಕಳಿಸಿದ್ದರು. ನೌಕರನು ಕೆಲಸ ನೀರಸವೆಂದು ತಿಳಿಸಿ ಗೈರುಹಾಜರಾಗಿರುತ್ತಾನೆ, ಇವನ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿರುತ್ತದೆ ಎಂದು. ಎರಡನೆಯ ವಾಕ್ಯ ಮೊದಲನೆಯದಕ್ಕೆ ವ್ಯಾಖ್ಯಾನ, ಕೂತಲ್ಲಿಗೇ ಗುತ್ತಿಗೆಯ ಹಣ ಬರುವವನು ಯಾಕೆ ದುಡಿದಾನು ಎಂದು.

"ಏನಪ್ಪಾ ತೊಂದರೆ?" ಎಂದು ರುದ್ರಯ್ಯನವರು ಕೇಳಿದರು.

"ನೀರಸಂ ಸಾರ್."

"ಏನು?"

"ಶಾನೆ ನೀರಸಂ ಸಾರ್. ಜ್ವರ ಬಂದು ಹೋದಾಗ್ನಿಂದ ಹಿಂಗೇ."

ರುದ್ರಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಮೇಡಂ, ಬಾಯಿ ಬಿಟ್ಟೇ ಹೇಳ್ತಿದಾನೆ. ಸರ್ಕಾರಿ ಕೆಲಸ ನೀರಸ. ಕಂಬ ಹತ್ತೋದು ನೀರಸ, ಮನೇಲಿ ಮಲಗೋದು ಸರಸ!"

ತಿಪ್ಪಮ್ಮ ಮುಂದೆ ಬಂದಳು. "ಸರಸ ಆಡೋ ಮಕಾನಾ ಸಾರ್ ಇದು? ನೋಡ್ರಿ ಈವಯ್ಯನ ಮಕಾನ! ತಲೆ ಬಾಚ್ಕಳಾಕೆ ಕೈ ಎತ್ತಾಕಿಲ್ಲ, ನಾನು ಬಾಚ್ತೀನಿ."

"ಸಾರ್," ಎಂದೆ ನಾನು, "ಪಾವಗಡದ ಕಡೆ ನೀರಸ ಅಂದ್ರೆ ಬೇಜಾರು ಅಲ್ಲ. ನಿಶ್ಶಕ್ತಿ. ತೆಲುಗಿನ ಮಾತು ಅದು."

"ಪಾವಗಡ ಕರ್ನಾಟಕದಲ್ಲಿದೆ ತಾನೆ ಮೇಡಂ?"

"ಇದೆ ಸಾರ್."

"ಹಾಗಾದ್ರೆ ಕನ್ನಡದ ಅರ್ಥ ಸಾಕು."

ತಿಪ್ಪಮ್ಮನಿಗೆ ಆಗಲೇ ವಿಷಯ ಅರ್ಥವಾದದ್ದು. "ಅದುಕ್ಕೇ ಏನ್ರಿ ಊರೆಲ್ಲ ಹಂಗಂತಿರಾದು? ಸೋಲಾರ್ ಪ್ಲೇಟ್ ಕೆಳ್ಗೆ ನೆಳ್ಳೈತೆ, ಹೋಗಿ ಮಲ್ಕೊಳ್ಲಾ ಅಂತಾರೆ. ಬಿಸ್ಲು ಕಾಸಿ ತಿನ್ನೋನ್ಗೆ ಕಂಬ ಯಾಕ್ಲಾ ಅಂತಾರೆ. ನೀವೂ ಅದ್ನೇ ಅಂದ್ರೆ ಆಯ್ತು ಬುಡ್ರಿ."

ಆಮೇಲೆ ಅವಳು ಹೇಳಿದ್ದನ್ನು ನಾನು ಗಮನವಿಟ್ಟು ಕೇಳಿದೆ. ಒಂದು ಸಲ ಅವನು ರಜೆ ಮುಗಿಸಿ ಕೆಲಸಕ್ಕೆ ಹೋಗಿದ್ದ. ಎರಡು ದಿನ ದುಡಿದ. ಅದರ ಮುಂದಿನ ದಿನ ಕಂಬದ ಮೇಲಿದ್ದಾಗ ಕೈಕಾಲು ಸೋತು, ಸೊಂಟದ ಬೆಲ್ಟಿನಲ್ಲಿ ನೇತಾಡಿದ. ಜೊತೆಯವರು ಹಗ್ಗ ಹಾಕಿ ಇಳಿಸಿದರು. ಈಗ ನಾವು ಯೋಗ್ಯ ಎಂದು ಬರೆದರೆ ಅವನು ಮತ್ತೆ ಅದೇ ಕಂಬ ಹತ್ತಬೇಕು. ಅಯೋಗ್ಯ ಎಂದು ಬರೆದರೆ ಕೆಲಸ ಹೋಗುತ್ತದೆ. ಮಂಡಳಿಯ ನಮೂನೆಯಲ್ಲಿ ಇದ್ದದ್ದು ಆ ಎರಡೇ ಪದ.

ರಕ್ತ, ಇಸಿಜಿ, ಎಕ್ಸ್‌ರೇ, ಥೈರಾಯ್ಡ್ ಎಲ್ಲವೂ ಸರಿಯಾಗಿದ್ದವು. ಶಬಾನಾ ತನ್ನ ಉದ್ದ ಹೆಸರನ್ನು ಹೇಳಿದಳು. ರುದ್ರಯ್ಯನವರು ಅದನ್ನು ಎರಡು ಸಲ ಹೇಳಿಸಿಕೊಂಡು, "ಅಷ್ಟುದ್ದ ಹೆಸರಿರೋ ಕಾಯಿಲೆ ಪಾವಗಡದವರೆಗೆ ಬರಲ್ಲಮ್ಮ, ಬೆಂಗಳೂರಲ್ಲೇ ನಿಂತ್ಬಿಡುತ್ತೆ" ಎಂದರು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿ, ಆಸ್ಪತ್ರೆಯ ನೀರಿನ ಟ್ಯಾಂಕನ್ನು ತೋರಿಸಿದರು. ಎತ್ತರದ ಟ್ಯಾಂಕು, ಕಬ್ಬಿಣದ ಏಣಿ.

"ಅದನ್ನ ಹತ್ತುತೀಯೇನಪ್ಪಾ?"

"ಹತ್ತೋದು ಹತ್ತುತೀನಿ ಸಾರ್," ಎಂದ ಅಂಜಿನಪ್ಪ. "ಆಮ್ಯಾಕೆ?"

"ಆಮೇಲೆ ಇಳಿ."

ಅವನು ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ನಾನೂ ಶಬಾನಾಳೂ ಬೇಡವೆಂದೆವು. ಅಂಜಿನಪ್ಪನೇ ಎದ್ದು ಪಂಚೆ ಎತ್ತಿ ಕಟ್ಟಿದ. ಸರಸ ಎಂಬ ಮಾತು ಅವನಿಗೆ ತಾಗಿತ್ತೆಂದು ಕಾಣುತ್ತದೆ.

ಅವನು ಹತ್ತಿದ ರೀತಿ ನೋಡಲು ಚೆನ್ನಾಗಿತ್ತು. ಹೊರರೋಗಿಗಳೆಲ್ಲ ಚೀಟಿ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತರು. ಮೇಲೆ ತಲುಪಿದವನು ಇಳಿಯುವ ಬದಲು ಅಲ್ಲಿಂದಲೇ ಕೂಗಿದ.

"ಸಾರ್! ಆಪರೇಷನ್ ರೂಮಿಗೆ ಹೋಗೋ ಸರ್ವಿಸ್ ವೈರು ಮರದ ಕೊಂಬೆಗೆ ಉಜ್ತಾ ಐತೆ! ನಿಮಗೆ ಲೈಟು ಮಿಣಿಮಿಣಿ ಅನ್ನಲ್ವಾ?"

ರುದ್ರಯ್ಯನವರ ಮುಖ ಬದಲಾಯಿತು. ಆ ದೀಪ ಮಿಣುಕುತ್ತದೆಂದು ಅವರು ಬರೆದ ಪತ್ರಗಳಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. "ಅನ್ನುತ್ತೆ ಕಣಯ್ಯಾ! ಹೊಟ್ಟೆ ಬಿಚ್ಚಿದಾಗಲೇ ಅನ್ನುತ್ತೆ!"

"ಮೇನ್ ಆಫ್ ಮಾಡ್ಸಿ!"

ರೋಗಿ ಮೇಲಿನಿಂದ ಆಜ್ಞೆ ಮಾಡಿದ, ಮಂಡಳಿಯ ಅಧ್ಯಕ್ಷರು ಕೆಳಗೆ ಓಡಿ ಮೇನ್ ಆಫ್ ಮಾಡಿಸಿದರು. ಅಂಜಿನಪ್ಪ ಇಳಿದು ಬಂದು ಹಗ್ಗವನ್ನೂ ಮಚ್ಚನ್ನೂ ತೆಗೆದುಕೊಂಡು ಈ ಸಲ ಮರ ಹತ್ತಿದ. ಕೊಂಬೆ ಕಡಿದ, ವೈರನ್ನು ಎಳೆದು ಕಟ್ಟಿದ. ತಿಪ್ಪಮ್ಮ ಕೆಳಗೆ ನಿಂತು, "ಸಾಕು ಇಳೀರಿ, ಇಳೀರಿ ಅಂತೀನಿ" ಎನ್ನುತ್ತಲೇ ಇದ್ದಳು. ಅವನು ಬೆವರಿಳಿಸಿಕೊಂಡು ಬಂದಾಗ ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು. ರುದ್ರಯ್ಯನವರು ಕೈಕುಲುಕಿ, "ಇಂಥ ಕೆಲಸಗಾರ ಇಲಾಖೆಗೆ ಬೇಕು" ಎಂದು ಮನಸಾರೆ ಹೊಗಳಿ, ಒಳಗೆ ಹೋಗಿ ಯೋಗ್ಯ ಎಂದು ಬರೆದರು.

ನಾವಿಬ್ಬರೂ ಸಹಿ ಮಾಡುವುದಿಲ್ಲ ಎಂದೆವು. ವಾದ ಬೆಳೆಯುವ ಮುನ್ನವೇ ಅದು ನಿಂತಿತು. ಮಂಡಳಿಯ ಮುದ್ರೆ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಗುಮಾಸ್ತರ ಜೇಬಿನಲ್ಲಿತ್ತು, ಗುಮಾಸ್ತರು ಭಾವಮೈದುನನ ಮದುವೆಯಲ್ಲಿದ್ದರು. ನಮ್ಮ ಇಲಾಖೆಯಲ್ಲಿ ಎಷ್ಟೋ ಅನಾಹುತಗಳು ಹೀಗೆ ಮದುವೆಗಳಿಂದ ತಪ್ಪಿವೆ. ಮುಂದಿನ ವಾರ ನೋಡೋಣ ಎಂದಾಯಿತು. ಅಂಜಿನಪ್ಪ ನಗುತ್ತಲೇ ಬಸ್ಸು ಹತ್ತಿದ. ಇದನ್ನು ನಾನು ಕಣ್ಣಾರೆ ಕಂಡೆ.

ಎರಡು ದಿನ ಕಳೆದ ಮೇಲೆ ಶಬಾನಾಳ ಫೋನಿಗೆ ತಿಪ್ಪಮ್ಮ ಕರೆ ಮಾಡಿದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. "ಒಂದ್ಸಲ ಬಂದು ನೋಡ್ಕಂಡ್ ಹೋಗ್ರಮ್ಮ. ನೀವು ನೋಡಿದ್ದು ಅವತ್ತಿನ್ ಮನ್ಸನ್ನ. ಇವತ್ತಿನ್ ಮನ್ಸನ್ನೂ ನೋಡ್ರಿ" ಎಂದಳು. ನಾವಿಬ್ಬರೂ ಹೋದೆವು.

ಊರಿನ ಸುತ್ತ ಕಣ್ಣು ಹಾಯುವವರೆಗೆ ಸೋಲಾರ್ ಹಲಗೆಗಳು, ಅವುಗಳ ಮೇಲೆ ಉರಿಯುವ ಬಿಸಿಲು. ಮನೆಯೊಳಗೆ ಕತ್ತಲೆ. ಕಿಟಕಿಗೆ ಕಂಬಳಿ ಕಟ್ಟಿದ್ದರು. ಆ ಸೆಕೆಯಲ್ಲಿಯೂ ಫ್ಯಾನ್ ನಿಲ್ಲಿಸಿದ್ದರು. ಅದರ ಸದ್ದು ತಲೆಗೆ ಬಡಿಯುತ್ತದಂತೆ. ಅಂಜಿನಪ್ಪ ಕಣ್ಣಿನ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿದ್ದ. ಎದುರಿಗೆ ನೀರಿನ ಲೋಟ, ಅದರೊಳಗೆ ಎಳನೀರು ಕುಡಿಯುವ ಕೊಳವೆ. ಲೋಟ ಎತ್ತಲು ಆಗುತ್ತಿರಲಿಲ್ಲ.

ನಾನು ಮಣಿಕಟ್ಟು ಹಿಡಿದು, "ಕೈ ಒತ್ತು ಅಂಜಿನಪ್ಪ" ಎಂದೆ. ವೈರು ಎಳೆದು ಕಟ್ಟಿದ ಬೆರಳುಗಳು ನನ್ನ ಬೆರಳುಗಳ ಮೇಲೆ ಬಂದು ಸುಮ್ಮನೆ ಕುಳಿತವು. ಎಷ್ಟೋ ಸಾವುಗಳನ್ನು ಕಂಡವಳು ನಾನು. ಆದರೆ ಆ ಕೈ ನನ್ನನ್ನು ಅಲ್ಲಾಡಿಸಿದಷ್ಟು ಯಾವುದೂ ಅಲ್ಲಾಡಿಸಿರಲಿಲ್ಲ. ಸತ್ತವರ ವಿಷಯದಲ್ಲಿ ಯಾರಿಗೂ ಅನುಮಾನವಿರುವುದಿಲ್ಲ.

ಅವನು ತುಟಿ ಅಲ್ಲಾಡಿಸಿದ. ಬಗ್ಗಿ ಕಿವಿಗೊಟ್ಟೆ.

"ಟ್ಯಾಂಕು ಹತ್ತಿದ್ದು... ನಾನೇನಾ ಮೇಡಂ? ಯಾರೋ ನನ್ನಂಗೇ ಇದ್ದ ಅಂದ್ರು."

ನಗಬೇಕೋ ಬೇಡವೋ ತಿಳಿಯದೆ ಶಬಾನಾ ಹೊರಗೆ ಎದ್ದು ಹೋದಳು.

ಮುಂದಿನ ಮಂಡಳಿ ಸಭೆಯ ವೇಳೆಗೆ ಅವನು ಒಂದಿಷ್ಟು ಚೇತರಿಸಿಕೊಂಡಿದ್ದ, ತಿಪ್ಪಮ್ಮನ ಹೆಗಲು ಹಿಡಿದು ಬಂದ. ನಾವು ಕಂಡದ್ದನ್ನು ಹೇಳಿದೆವು. ರುದ್ರಯ್ಯನವರು ಗೌರವದಿಂದಲೇ ಕೇಳಿದರು, ಆದರೆ ಒಪ್ಪಲಿಲ್ಲ. "ನೀವು ಕಂಡದ್ದು ಸುಳ್ಳು ಅನ್ನಲ್ಲ. ಮನಸ್ಸಿನ ಕಾಯಿಲೆ ಇರಬಹುದಲ್ಲ? ಬೇಜಾರಿಗೆ ಬಿದ್ದವನು ಹಾಗೇ ಮಲಗ್ತಾನೆ" ಎಂದರು. ಆ ಪ್ರಶ್ನೆ ತಪ್ಪಾಗಿರಲಿಲ್ಲ.

ಆಗ ಶಬಾನಾ ಅಂಜಿನಪ್ಪನನ್ನು ಒಂದು ಮಾತು ಕೇಳಿದಳು. "ನಾಳೆ ಬೆಳಿಗ್ಗೆ ಎದ್ದಾಗ ಎಲ್ಲಾ ಸರಿಹೋಗ್ಬಿಟ್ಟಿದೆ ಅಂದ್ಕೊಳ್ಳಿ. ಏನೇನು ಮಾಡ್ತೀರ?" ಮನಸ್ಸು ಕುಗ್ಗಿದವರು ಈ ಪ್ರಶ್ನೆಗೆ ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಅವರಿಗೆ ಯಾವುದರಲ್ಲೂ ಆಸೆ ಇರುವುದಿಲ್ಲ. ಇದೊಂದರಿಂದಲೇ ತೀರ್ಮಾನಿಸಬಾರದು, ಆದರೆ ಕೇಳಿ ನೋಡಬೇಕಾದ ಪ್ರಶ್ನೆ.

ಅಂಜಿನಪ್ಪ ಯೋಚಿಸಲೂ ಇಲ್ಲ. "ಫಸ್ಟು ಇಲ್ಲಿಗೇ ಬತ್ತೀನಮ್ಮ. ಆ ವೈರು ಟೆಂಪರವರಿ ಕಟ್ಟಿದೀನಿ, ಸರಿಯಾಗಿ ಕಟ್ಬೇಕು. ಆಮ್ಯಾಕೆ ನಮ್ಮೂರ ಟ್ರಾನ್ಸ್‌ಫಾರ್ಮರ್ ಹತ್ರ ಒಂದು ಕಂಬ ವಾಲೈತೆ, ನಾನಿಲ್ದೆ ಹೋದ್ರೆ ಯಾವನೂ ನೋಡಾಕಿಲ್ಲ. ಉಳ್ದಿರಾ ತುಂಡು ಹೊಲದಾಗೆ ಕಳ್ಳೇಕಾಯಿ ಬಿಡಿಸ್ಬೇಕು. ಮಗಳಿಗೆ ಸೈಕಲ್ ಕಲಿಸ್ತೀನಿ ಅಂದಿದ್ದೆ, ಆ ಮಗಾ ತಾನೇ ಬಿದ್ದೂ ಬಿದ್ದೂ ಕಲ್ತ್‌ಬುಟ್ಳು, ಅವಳ ಹಿಂದೆ ಕೂತ್ಕಂಡ್ ಹೋಗ್ಬೇಕು. ಸೋಲಾರ್ ನೆಳ್ಳಲ್ಲಿ ಮಲ್ಕೊ ಅಂದ ಗೋವಿಂದನ್ನ ಅವನ ಮನೆ ಮುಂದೇನೇ ನಿಲ್ಸಿ..." ಇಲ್ಲಿ ತಿಪ್ಪಮ್ಮ ಅವನ ತೊಡೆ ಚಿವುಟಿದಳು. "ಸರಿ, ಅದು ಬ್ಯಾಡ. ಕೋಳಿ ಸಾರು ಉಣ್ಣಬೇಕು. ಉಂಡು, ಮಾರನೇ ದಿನಾನೂ ಎದ್ದಿರ್ಬೇಕು."

ರುದ್ರಯ್ಯನವರು ಮೊದಲು ನಕ್ಕರು. ಆಮೇಲೆ ತುಸು ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. "ಇವನಿಗೆ ಬೇಜಾರಿಲ್ಲ ಬಿಡಿ" ಎಂದರು. "ಆದ್ರೂ ನಾನು ಕೈಗೆ ಸಿಕ್ಕಿದ್ದನ್ನ ನಂಬೋನು. ಇಲ್ಲೇ ಅಡ್ಮಿಟ್ ಮಾಡಿ. ನಾನೇ ನೋಡ್ತೀನಿ."

ನಮ್ಮ ಕೆಲಸದ ವಿಧಾನ ಬದಲಾದದ್ದು ಅಲ್ಲಿ. ಅದುವರೆಗೆ ಮಂಡಳಿ ಎಂದರೆ ಒಂದು ದಿನ, ಒಂದು ಕೋಣೆ, ಒಂದು ನೋಟ. ಬಂದವನು ಬಸ್ಸಿನಲ್ಲಿ ಕುಲುಕಿ, ಸಾಲಿನಲ್ಲಿ ನಿಂತು, ಇರುವ ಶಕ್ತಿಯನ್ನೆಲ್ಲ ಬಳಿದು ನಮ್ಮೆದುರು ನೆಟ್ಟಗೆ ಕೂರುತ್ತಿದ್ದ. ಆ ಸಾಲವನ್ನು ಅವನ ಮೈ ವಸೂಲು ಮಾಡುವ ಹೊತ್ತಿಗೆ ಅವನು ಊರಿನಲ್ಲಿರುತ್ತಿದ್ದ.

ಮೊದಲ ದಿನ ವಾರ್ಡಿನಲ್ಲಿ ಅಂಜಿನಪ್ಪ ಎಲ್ಲರನ್ನೂ ನಗಿಸುತ್ತಿದ್ದ. ರುದ್ರಯ್ಯನವರು ನನ್ನ ಕೋಣೆಗೆ ಬಂದು, "ಹೋಗಿ ನೋಡಿ ನಿಮ್ಮ ರೋಗೀನ, ಪಕ್ಕದ ಬೆಡ್‌ನವನ ಹೊಲಿಗೆ ಬಿಚ್ಚಿಹೋಗೋ ಹಾಗೆ ನಗಿಸ್ತಿದಾನೆ" ಎಂದು ದೂರಿದರು. ಮಾರನೆಯ ದಿನ ಮಾತು ಕಡಿಮೆಯಾಯಿತು. ಅದರ ಮಾರನೆಯ ಬೆಳಿಗ್ಗೆ ರೌಂಡ್ಸಿನಲ್ಲಿ ನಾನೂ ಜೊತೆಗಿದ್ದೆ. ಅಂಜಿನಪ್ಪ ಗೋಡೆಯ ಕಡೆ ಮುಖ ಮಾಡಿದ್ದ.

"ಕೈ ಎತ್ತು" ಎಂದರು ರುದ್ರಯ್ಯನವರು.

ಕೈ ಅರ್ಧಕ್ಕೆ ಬಂದು ನಿಂತು, ಕೆಳಗಿಳಿಯಿತು. ಅವರೇ ಅದನ್ನು ಎತ್ತಿ, ಮೊಣಕೈ, ಭುಜ, ಬೆರಳು ಎಲ್ಲವನ್ನೂ ಒತ್ತಿ ನೋಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕುಳಿತರು. ರೌಂಡ್ಸಿನಲ್ಲಿ ಅವರು ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊರಗೆ ಬಂದ ಮೇಲೆ ಬಹಳ ತಗ್ಗಿದ ದನಿಯಲ್ಲಿ, "ನಾಟಕ ಆಡೋನು ಮಂಡಳಿ ಮುಂದೆ ಆಡ್ತಾನೆ ಮೇಡಂ. ಟ್ಯಾಂಕು ಹತ್ತಲ್ಲ" ಎಂದರು.

ಇನ್ನು ಏನೆಂದು ಬರೆಯುವುದು? ಶಬಾನಾಳ ಉದ್ದ ಹೆಸರು ನಮೂನೆಯ ಜಾಗದಲ್ಲಿ ಹಿಡಿಸಲಿಲ್ಲ, ಹಿಡಿಸಿದರೂ ಇಲಾಖೆಯಲ್ಲಿ ಯಾರೂ ಓದುತ್ತಿರಲಿಲ್ಲ. ರುದ್ರಯ್ಯನವರು "ಜ್ವರದ ನಂತರದ ಸುಸ್ತು" ಎಂದು ಬರೆಯಹೊರಟರು. ಬಾಗಿಲಲ್ಲಿ ನಿಂತಿದ್ದ ತಿಪ್ಪಮ್ಮ ತಡೆದಳು.

"ಸುಸ್ತು ಅಂತ ಬರೀಬ್ಯಾಡ್ರಿ ಸಾರ್, ನಿಮ್ ದಮ್ಮಯ್ಯ. ಸುಸ್ತು ಯಾರಿಗಾಗಲ್ಲ? ಅವರ ಸಾಹೇಬ್ರಿಗೂ ಆಗ್ತೈತೆ. ನಂಗೂ ಸುಸ್ತೇ ಕಣಯ್ಯಾ, ನಾನು ಬಂದಿಲ್ವಾ ಡ್ಯೂಟಿಗೆ ಅಂತಾರೆ."

ಪರದೇಶದ ವೈದ್ಯರು ಈ ಹೆಸರಿನ ಮೇಲೆ ಇಷ್ಟು ಕಾಲ ಯಾಕೆ ಜಗಳವಾಡಿದರು ಎಂಬುದು ನನಗೆ ಆಗ ಅರ್ಥವಾಯಿತು. ಕೊನೆಗೆ ಮೂವರೂ ಸೇರಿ ಬರೆದೆವು. ವೈರಸ್ ಜ್ವರದ ನಂತರದ ಕಾಯಿಲೆ, ಶ್ರಮಪಟ್ಟ ದಿನವೇ ಅಲ್ಲ, ಒಂದೆರಡು ದಿನ ತಡವಾಗಿ ಉಲ್ಬಣಿಸುತ್ತದೆ, ಆಗ ಅಂಗಾಂಗಗಳು ಸೋಲುತ್ತವೆ, ಎತ್ತರ ಹತ್ತುವುದು ಪ್ರಾಣಾಪಾಯ, ಕುಳಿತು ಮಾಡುವ ಕೆಲಸವನ್ನು ಬಿಡುವು ಕೊಟ್ಟು ಮಾಡಿಸಬಹುದು. ಯೋಗ್ಯ, ಅಯೋಗ್ಯ ಎಂಬ ಎರಡು ಪದಗಳನ್ನೂ ರುದ್ರಯ್ಯನವರು ತಮ್ಮ ಕೈಯಾರೆ ಹೊಡೆದುಹಾಕಿದರು. ಗುಮಾಸ್ತರು ಎರಡನ್ನೂ ಹೊಡೆದರೆ ನಮೂನೆ ನಡೆಯುವುದಿಲ್ಲ ಎಂದರು. "ನಡೀದಿದ್ರೆ ನಾನು ನಡೆಸ್ತೀನಿ" ಎಂದು ರುದ್ರಯ್ಯನವರು ಆ ಮೇಲಧಿಕಾರಿಗೆ ಫೋನ್ ಮಾಡಿ ಕೂಗಾಡಿದ್ದನ್ನು ಇಡೀ ಆಸ್ಪತ್ರೆ ಕೇಳಿತು. "ಬೇಜಾರಲ್ಲಾರೀ, ನೀರಸ! ನೀರಸ ಅಂದ್ರೆ ಗೊತ್ತಿಲ್ವಾ ನಿಮಗೆ? ಪಾವಗಡದಲ್ಲಿದ್ದು ಅಷ್ಟು ತೆಲುಗು ಬರಲ್ವಾ?"

ಅಂಜಿನಪ್ಪನನ್ನು ವಿದ್ಯುತ್ ಕಚೇರಿಯಲ್ಲಿ ದೂರುಗಳ ಫೋನಿಗೆ ಕೂರಿಸಿದರು. ಅವನಿಗೆ ವಾಸಿಯಾಯಿತು ಎಂದು ಬರೆಯುವ ಹಾಗಿದ್ದಿದ್ದರೆ ಚೆನ್ನಾಗಿತ್ತು. ವಾಸಿಯಾಗಿಲ್ಲ. ನಮ್ಮ ಬಳಿ ಅದಕ್ಕೆ ಔಷಧಿ ಇರಲಿಲ್ಲ, ಈಗಲೂ ಇಲ್ಲ. ತನ್ನ ಮೈ ಎಷ್ಟು ತಡೆಯುತ್ತದೆ ಎಂದು ಅಳೆದುಕೊಂಡು, ಅದಕ್ಕಿಂತ ತುಸು ಕಡಿಮೆ ಬದುಕುವುದನ್ನು ಅವನು ಕಲಿತ. ದೂರು ಹೇಳಲು ಕರೆ ಮಾಡಿದವರು ಕೂಗಾಡಿದರೆ, "ಮೆಲ್ಲಗೆ ಹೇಳ್ರಣ್ಣ, ನೀವು ಕೂಗಿದ್ರೂ ಕರೆಂಟು ಅದರ ಟೈಮಿಗೇ ಬರಾದು" ಎನ್ನುತ್ತಾನಂತೆ.

ನಿವೃತ್ತಿಯಾದ ಮೇಲೆ ಒಂದು ಸಂಜೆ ನಾನೇ ಅವನಿಗೆ ಫೋನ್ ಮಾಡಿದೆ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಈಗ ತಾನೇ ಬಂದೆ, ಇಡೀ ಹೊತ್ತು ಕೂತಿದ್ದೆ, ಅವಳಿಗೆ ಬಹುಮಾನ ಬಂತು, ಚಪ್ಪಾಳೆನೂ ತಟ್ಟಿದೆ ಎಂದ. ದನಿ ಖುಷಿಯಾಗಿತ್ತು.

"ಹೇಗಿದೀಯ ಅಂಜಿನಪ್ಪ?" ಎಂದೆ.

"ಇವತ್ತು ಕೇಳ್ತೀರಲ್ಲಮ್ಮ? ಡಾಕ್ಟ್ರಾಗಿದ್ದೋರು! ನಾಳಿದ್ದು ಕೇಳ್ರಿ."

ಅವನು ಹೇಳಿದ ಆ ನಾಳಿದ್ದು ಮತ್ತೆ ಫೋನ್ ಮಾಡಿದೆ. ಫೋನು ಎತ್ತಿದವಳು ತಿಪ್ಪಮ್ಮ. ಹಿಂದೆ ಏನೂ ಸದ್ದಿರಲಿಲ್ಲ, ಫ್ಯಾನ್ ಕೂಡ ನಿಲ್ಲಿಸಿದ್ದಾರೆಂದು ತಿಳಿಯಿತು. ಅವಳು ಪಿಸುದನಿಯಲ್ಲಿ ಮಾತಾಡಿದಳು.

"ಇವತ್ತು ಮಾತಾಡಾಕಾಗಾಕಿಲ್ಲ ಡಾಕ್ಟ್ರಮ್ಮ. ಮಲ್ಗವ್ರೆ." ಅಷ್ಟರಲ್ಲಿ, "ತಾಳ್ರಿ, ಏನೋ ಸನ್ನೆ ಮಾಡ್ತಾವ್ರೆ" ಎಂದಳು. ಅವಳು ಅವನ ಹತ್ತಿರ ಹೋಗಿ ಬಗ್ಗಿದ್ದು, ಬಟ್ಟೆ ಸರಿದದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಅವಳ ದನಿಯಲ್ಲಿಯೂ ನಗು ಇತ್ತು.

"ನೀವು ನೆನಪಿಟ್ಕಂಡು ಮಾಡಿದ್ರಲ್ಲ, ಅದಕ್ಕೆ ನಗ್ತಾವ್ರೆ ಕಣಮ್ಮ."